ಎಲೆಯಾಟವೂ ಹೆಣ್ಣುಮಕ್ಕಳ ಶಿಕ್ಷಣವೂ

ನಾವು ಬೋರ್ಡಿಂಗಿನಲ್ಲಿದ್ದ ಕಾಲದಲ್ಲಿ ಇಸ್ಪೀಟೆಲೆಗೆ ಶಾಲೆಯ ಆವರಣದೊಳಗೆ ಪ್ರವೇಶವಿರಲಿಲ್ಲವೆಂಬುದು ನನ್ನ ವಯಸ್ಸಿನ ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ನೆನಪಿರಬಹುದು. ಶಿಲುಬೆಯ ಬುಡದಲ್ಲಿ ಸೈನಿಕರು ಕರ್ತನ ಅಂಗಿಗಾಗಿ ಚೀಟು ಹಾಕಿದ ಪ್ರಸಂಗವನ್ನು ಸತ್ಯವೇದದ ತರಗತಿಯಲ್ಲಿ ಓದಿದ ಮೇಲೆ ಆ ನಿಯಮದ ಔಚಿತ್ಯವನ್ನು ನಮ್ಮಲ್ಲಿ ಯಾರೂ ಪ್ರಶ್ನಿಸಲಿಲ್ಲ. ನಾನು ಇಂದಿಗೂ ಪ್ರಶ್ನಿಸುವವಳಲ್ಲ. ಹಣವನ್ನು ಪಣವಾಗಿಟ್ಟು ಅದೃಷ್ಟದ ಬಾಗಿಲು ಕಾಯುವುದರಿಂದ ಮನೆತನಗಳು ಹಾಳಾದುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಕಳೆದ ಬೇಸಿಗೆಯ ರಜೆಯಲ್ಲಿ ನಡೆದ ಒಂದು ಸಂಗತಿಯಿಂದ, ಎಲೆಯಾಟಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದೆಂದು ನನಗೆ ಮನವರಿಕೆಯಾಗಿರುವುದರಿಂದ, ಈ ನಾಲ್ಕು ಮಾತುಗಳನ್ನು ತಾಯ್ತಂದೆಗಳ ಮುಂದೆ ಇಡುವ ಧೈರ್ಯ ಮಾಡಿದ್ದೇನೆ.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆಂದು ಹೆಡತಲೆಗೆ ಬಂದಾಗ ಅವಳ ಚೀಲದಲ್ಲಿ ಪುಸ್ತಕಗಳಿಗಿಂತ ಹೆಚ್ಚಾಗಿ ಬಣ್ಣಬಣ್ಣದ ಎಲೆಗಳಿದ್ದುವು. ಅವನ್ನೆಲ್ಲ ಬಚ್ಚಲ ಒಲೆಗೆ ಹಾಕುವೆನೆಂದು ಅವಳ ತಾಯಿ ಹೊರಟಳು. ಅವಳೂ ಇದೇ ಶಾಲೆಯಲ್ಲಿ ಓದಿದವಳು. ಕೋಪಕ್ಕೆ ಕಾರಣವೂ ಇತ್ತು. ಹಬ್ಬಗಳಲ್ಲಿ ಹಿರಿಯರು ಕೊಟ್ಟ ಹಣವಷ್ಟೂ ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪೊಟ್ಟಣಗಳಿಗೆ ಸಂದಾಯವಾಗಿತ್ತು. ಮೇಲಾಗಿ ಒಂದು ಸ್ಪರ್ಧೆಗೆ ಹೋಗಿ, ಆಡಿದ ಮೂರು ಪಂದ್ಯಗಳಲ್ಲಿಯೂ ಸೋತು, ಹುಡುಗಿ ಎರಡು ದಿವಸ ನೆಟ್ಟಗೆ ಊಟ ಮಾಡಿರಲಿಲ್ಲ. ನಾನು ಒಂದು ದಿನದ ಗಡುವು ಕೇಳಿ, ಜಗಲಿಯ ಮೇಲೆ ಚಾಪೆ ಹಾಸಿ, “ಇದೇನೆಂದು ನನಗೆ ಹೇಳಿಕೊಡು” ಎಂದು ಕುಳಿತೆ.

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಅಮೆರಿಕೆಯ ಗಣಿತಜ್ಞರಾದ ರಿಚರ್ಡ್ ಗಾರ್ಫೀಲ್ಡ್ ಎಂಬವರು ರಚಿಸಿದ್ದು, 1993ರಲ್ಲಿ ಪ್ರಕಟವಾಯಿತು. ಇಸ್ಪೀಟಿನಲ್ಲಿ ಕಟ್ಟು ಒಂದೇ. ಕಲಸಿ ಹಂಚಿದ ಮೇಲೆ ಕೈಗೆ ಬಂದದ್ದೇ ನಮ್ಮ ಪಾಲು. ಈ ಆಟದಲ್ಲಿಯಾದರೋ ಆಡುವವರಿಬ್ಬರೂ ತಂತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರತಕ್ಕದ್ದು. ಸಹಸ್ರಾರು ಬಗೆಯ ಎಲೆಗಳ ಪೈಕಿ ಕನಿಷ್ಠ 60ನ್ನು ಆರಿಸಬೇಕು. ಒಂದೇ ಹೆಸರಿನ ಎಲೆ ನಾಲ್ಕನ್ನು ಮೀರಕೂಡದು. ಕಲಸಿದ ಕಟ್ಟಿನಿಂದ ಏಳೆಲೆ ಎತ್ತಿಕೊಂಡು ಆಟ ಆರಂಭಿಸುವರು. ಎಲೆಗಳಲ್ಲಿ ಮುಖ್ಯವಾಗಿ ಎರಡು ತರ: ಭೂಮಿ ಮತ್ತು ಉಳಿದುವು. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂದು ಮೂಲಭೂಮಿ ಐದು ವಿಧ. ಇವುಗಳಿಗೆ ಮಾತ್ರ ಆ ನಾಲ್ಕರ ಮಿತಿಯಿಲ್ಲ. ಸರದಿಗೊಂದರಂತೆ ಭೂಮಿಯನ್ನು ಹಾಸುತ್ತ ಹೋದರೆ, ಅದರಿಂದ ದೊರೆಯುವ ಶಕ್ತಿಯಿಂದ ಯೋಧರನ್ನೂ ಮೃಗಗಳನ್ನೂ ಮಂತ್ರಗಳನ್ನೂ ಆಡಬಹುದು. ಹೊಲಗದ್ದೆಗಳ ನಡುವೆ ಬಾಳಿದವಳಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಲಿಲ್ಲ. ಬಿತ್ತನೆಯ ಬೀಜ ಮೂಟೆಗಟ್ಟಲೆ ಇದ್ದು ನೆಲವಿಲ್ಲದವನ ಪಾಡೂ, ನೆಲವೆಲ್ಲ ಇದ್ದು ಬೀಜವಿಲ್ಲದವನ ಪಾಡೂ ನಮ್ಮ ಕಡೆಯವರಿಗೆ ತಿಳಿಯದ್ದಲ್ಲ.

ಅವಳ ಕಟ್ಟನ್ನು ಎಣಿಸಿದೆವು. ಒಟ್ಟು 80 ಎಲೆ. ಭೂಮಿ ಕೇವಲ 20. “ಹೆಚ್ಚು ಎಲೆಯಿದ್ದರೆ ಹೆಚ್ಚು ಬಲವಲ್ಲವೆ, ಅಜ್ಜಿ?” ಎಂದಳು. ಲೆಕ್ಕ ಹಾಕಿ ನೋಡೆಂದೆ. ಮೊದಲ ಏಳೆಲೆಗಳಲ್ಲಿ ಭೂಮಿಯೇ ಬಾರದೆ, ಅಥವಾ ಒಂದೇ ಒಂದು ಬಂದು, ಕೈಕಟ್ಟಿ ಕೂರಬೇಕಾದ ಸಂಭವ ಅಂತಹ ಕಟ್ಟಿನಲ್ಲಿ 100ಕ್ಕೆ 44 ಸಲ. ಎಲೆಗಳನ್ನು 60ಕ್ಕೆ ಇಳಿಸಿ ಭೂಮಿಯನ್ನು 24ಕ್ಕೆ ಏರಿಸಿದರೆ ಅದೇ ಸಂಭವ 100ಕ್ಕೆ 14ಕ್ಕೆ ಇಳಿಯುತ್ತದೆ. ತನ್ನ ಅತ್ಯುತ್ತಮವಾದ ಎಲೆಯನ್ನು ನಾಲ್ಕು ಪ್ರತಿ ಇಟ್ಟುಕೊಂಡಿದ್ದರೂ, ಮೊದಲ ಏಳರಲ್ಲಿ ಅದು ಒಮ್ಮೆಯಾದರೂ ಕಾಣಿಸುವ ಸಂಭವ 80ರ ಕಟ್ಟಿನಲ್ಲಿ 31, 60ರಲ್ಲಿ 40. ಹೀಗೆ ಅವಳು ಸೇರಿಸಿದ ಒಂದೊಂದು ಹೆಚ್ಚಿನ ಎಲೆಯೂ ತನ್ನ ಉತ್ತಮ ಎಲೆಯನ್ನು ತಾನೇ ಮುಚ್ಚಿಡುತ್ತಿತ್ತು. ಆ ಸ್ಪರ್ಧೆಯಲ್ಲಿ ಅದೃಷ್ಟ ತನ್ನನ್ನು ಕೈಬಿಟ್ಟಿತೆಂದು ಅತ್ತಿದ್ದಳಷ್ಟೆ. ಕಾಗದದ ಮೇಲೆ ಈ ಅಂಕಿಗಳನ್ನು ಕಂಡಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ಕೆಲಸ ಲೆಕ್ಕಕ್ಕಿಂತ ಕಷ್ಟದ್ದು. 24 ಎಲೆಗಳನ್ನು ತೆಗೆದು ನಾಲ್ಕು ಭೂಮಿಯನ್ನು ಸೇರಿಸಬೇಕಾಗಿತ್ತು. ಒಂದೊಂದನ್ನೂ ಎತ್ತಿ ಹಿಡಿದು, “ಇದು ಏಕೆ ಇದೆ?” ಎಂದು ಕೇಳುತ್ತ ಹೋದೆ. ಒಂದು ಚೆನ್ನಾಗಿದೆಯೆಂದು ಇದ್ದಿತು, ಒಂದು ದುಬಾರಿಯಾದ್ದೆಂದು, ಇನ್ನೊಂದು ಗೆಳತಿ ಕೊಟ್ಟದ್ದೆಂದು, ಮತ್ತೊಂದು ಎಂದೋ ಒಮ್ಮೆ ಗೆಲ್ಲಿಸಿತೆಂದು. ಬೇರೆ ಎಲೆಗಳೊಡನೆ ಕೂಡಿ ಏನು ಮಾಡುತ್ತದೆಂಬ ಪ್ರಶ್ನೆಗೆ ಅರ್ಧದಷ್ಟು ಎಲೆಗಳಿಗೆ ಉತ್ತರವಿರಲಿಲ್ಲ. ನಮ್ಮ ಅಡಿಗೆಮನೆಯ ಅಟ್ಟದಲ್ಲಿರುವ ಪಾತ್ರೆಗಳಿಗೂ ಇರಲಾರದೆಂದು ಆಗ ನನಗೆ ಹೊಳೆಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ರೆಕ್ಕೆಯುಳ್ಳ ಒಂದು ಘಟಸರ್ಪದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. ಅದನ್ನು ಆಡಬೇಕಾದರೆ ಏಳು ಭೂಮಿ ಹಾಸಿರಬೇಕು. ಅಷ್ಟು ಹೊತ್ತಿಗೆ ಆಟವೇ ಮುಗಿದಿರುವುದುಂಟು. ಅವಳ ಬಳಿ ಅದರ ನಾಲ್ಕು ಪ್ರತಿಗಳಿದ್ದುವು. ಎಲ್ಲವನ್ನೂ ತೆಗೆಯೆಂದು ನಾನು. ಒಂದನ್ನಾದರೂ ಇಡುತ್ತೇನೆಂದು ಅವಳು. ಕಡೆಗೆ ಒಂದು ಉಳಿಯಿತು.

ಆ ಬಳಿಕ ಎರಡು ವಾರ ಚಿಕ್ಕಪ್ಪನ ಮಗನೊಡನೆ ಪ್ರತಿದಿನವೂ ಆಡಿದಳು. ನನ್ನ ಒತ್ತಾಯದಿಂದ ಒಂದು ನೋಟುಪುಸ್ತಕವನ್ನಿಟ್ಟಳು: ಮೊದಲ ಕೈಯಲ್ಲಿ ಬಂದದ್ದೇನು, ಕಡೆಯವರೆಗೂ ಕೈಯಲ್ಲಿಯೇ ಕೊಳೆತ ಎಲೆ ಯಾವುದು, ಸೋಲು ಯಾವ ಸರದಿಯಲ್ಲಿ ನಿಶ್ಚಯವಾಯಿತು ಎಂದು. ಹೊಸ ಎಲೆ ಬೇಕೆನಿಸಿದಾಗ ಕೊಳ್ಳಲಿಲ್ಲ. ಕಾಗದದ ಚೂರಿನಲ್ಲಿ ಅದರ ಹೆಸರನ್ನೂ ಗುಣವನ್ನೂ ಬರೆದು ಹಳೆಯ ಎಲೆಯ ಮೇಲೆ ಹೊದಿಸಿ ಆಡಿ ನೋಡಿದಳು. ಒಂದು ಸಲಕ್ಕೆ ಒಂದೆರಡು ಎಲೆಗಳನ್ನಷ್ಟೇ ಬದಲಿಸಬೇಕೆಂಬ ನಿಯಮವನ್ನು ಅವಳೇ ಮಾಡಿಕೊಂಡಳು. ಹತ್ತನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದಂತೆ. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಪ್ರಯೋಗಶಾಲೆಯಲ್ಲಿ ಇದನ್ನೇ ಹೇಳುತ್ತಿದ್ದರು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತೆವು.

ಇದೆಲ್ಲ ಪರದೇಶದ ಹುಚ್ಚೆಂದು ತಳ್ಳಿಹಾಕುವವರು ಮೈಸೂರಿನ ಕಡೆಗೆ ತಿರುಗಿ ನೋಡಬೇಕು. ಗಂಜೀಫದ ಆಟ ಮೊಗಲರ ಕಾಲದಲ್ಲಿ ನಮ್ಮ ದೇಶದಲ್ಲಿ ಹಬ್ಬಿದ್ದು. 1527ರಲ್ಲಿ ಬಾಬರನು ತನ್ನ ಮಿತ್ರನೊಬ್ಬನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದುದು ಅವನ ಆತ್ಮಕಥೆಯಲ್ಲಿಯೇ ಇದೆ. ಹಿಂದೂ ಮನೆಗಳಲ್ಲಿ ಅದು ದಶಾವತಾರದ ಗಂಜೀಫವಾಯಿತು: ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅದರಲ್ಲಿ ಒಂದು ಸೊಗಸಿದೆ. ರಾಜ ಮಂತ್ರಿಗಳ ಕೆಳಗೆ ಐದು ಅವತಾರಗಳಲ್ಲಿ ಹತ್ತು ಎಲ್ಲಕ್ಕಿಂತ ದೊಡ್ಡದು. ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಕನಿಷ್ಠ. ಎಲೆಯ ಬೆಲೆ ಅದರ ಮೇಲಿನ ಅಂಕಿಯಲ್ಲಿಲ್ಲ, ಅದು ಸೇರಿರುವ ಕೂಟದಲ್ಲಿದೆ. 1868ರಲ್ಲಿ ದಿವಂಗತರಾದ ಮುಮ್ಮಡಿ ಕೃಷ್ಣರಾಜ ಒಡೆಯರವರು ಈ ಆಟವನ್ನು ಇದ್ದಂತೆ ಸ್ವೀಕರಿಸದೆ, ಕಟ್ಟುಗಳನ್ನೇ ಹೊಸದಾಗಿ ಕಲ್ಪಿಸಿ ಅವಕ್ಕೆ ಛದಗಳೆಂದು ಹೆಸರಿಟ್ಟರು. ಛದವೆಂದರೆ ಎಲೆಯೇ. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇವುಗಳ ವರ್ಣನೆಯಿದೆ. 36 ಎಲೆಗಳ ಚಿಕ್ಕ ಕಟ್ಟಿನಿಂದ 360 ಎಲೆಗಳ ಮಹಾಕಟ್ಟಿನವರೆಗೆ. ಚದುರಂಗದಲ್ಲಿ ಕುದುರೆಯೊಂದನ್ನು ಮಣೆಯ ಎಲ್ಲ ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಸಮಸ್ಯೆಯಲ್ಲಿ ಮುಳುಗಿದ್ದ ಅರಸರಿಗೆ ಇದು ತಕ್ಕ ವಿನೋದವೇ ಸರಿ. ಆದರೆ 320 ಎಲೆಗಳ ಚಾಮುಂಡೇಶ್ವರಿ ಛದವನ್ನು ಆಡಬಲ್ಲ ಮನೆ ಇಂದು ಎಲ್ಲಿದೆ? ಮೈಸೂರು ಗಂಜೀಫ ಚಿತ್ರಕಲೆಯಾಗಿ ಉಳಿದು ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದಿರುವುದು ಸಂತೋಷ. ಆಟವಾಗಿ ಅದು ಬಹುಮಟ್ಟಿಗೆ ನಮ್ಮ ಕೈತಪ್ಪಿತು. ಅಷ್ಟು ದೊಡ್ಡ ಕಟ್ಟುಗಳನ್ನು ಅರಮನೆಯ ವಿರಾಮ ಹೊರಬಲ್ಲುದು, ಮನೆಯ ಜಗಲಿ ಹೊರಲಾರದೆಂಬುದು ನನ್ನ ನಮ್ರವಾದ ಅಭಿಪ್ರಾಯ.

ಈಗ ತಾಯ್ತಂದೆಗಳಿಗೆ ನನ್ನ ವಿಜ್ಞಾಪನೆ. ಒಲೆಗೆ ಹಾಕಬೇಕಾದದ್ದು ಇದ್ದರೆ ಅದು ಮುಚ್ಚಿದ ಪೊಟ್ಟಣದ ಚಟ. ಒಳಗೇನಿದೆಯೆಂದು ಕಾಣದೆ ದುಡ್ಡು ಕೊಟ್ಟು, ಬೇಕಾದ್ದು ಬಾರದಿದ್ದರೆ ಮತ್ತೊಂದನ್ನು ಒಡೆಯುವುದು ಚೀಟು ಹಾಕುವುದಕ್ಕೆ ತೀರ ಹತ್ತಿರದ ನಂಟು. ಬೇಕಾದ ಎಲೆಯನ್ನೇ ಬಿಡಿಯಾಗಿ ಕೊಳ್ಳಲು ಬರುತ್ತದೆ. ಕಾಗದದ ಚೂರಿನಿಂದ ಪರೀಕ್ಷಿಸಿದ ಮೇಲೆ ಕೊಂಡರೆ ಖರ್ಚು ಬಹಳ ತಗ್ಗುತ್ತದೆ. ಹಣವಂತರ ಮಕ್ಕಳ ಕಟ್ಟು ಇಲ್ಲಿಯೂ ಬಲವಾಗಿರುವುದೆಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯಲಾರೆ. ಕೆಲವು ಎಲೆಗಳ ಬೆಲೆ ಕೇಳಿ ನಾನು ಗಾಬರಿಯಾದೆ. ಅದಕ್ಕೆ ಪರಿಹಾರ ಶಾಲೆಯಲ್ಲಿಯೇ ಇದೆ. ಎಲ್ಲರಿಗೂ ಸಮನಾದ ಎಲೆಗಳ ರಾಶಿಯನ್ನು ಕೊಟ್ಟು, ಅದರಿಂದ 40ನ್ನು ಆರಿಸಿ ಆಡಿಸುವ ಪದ್ಧತಿಯೊಂದು ಈ ಆಟದಲ್ಲಿ ರೂಢಿಯಲ್ಲಿದೆ. ಪುಸ್ತಕಭಂಡಾರದಲ್ಲಿ ಅಂತಹ ರಾಶಿಗಳು ಕೆಲವಿದ್ದರೆ ಯಾರ ಮನೆಯ ಹಣವೂ ಆಟದ ಮೇಜಿಗೆ ಬರಬೇಕಾಗಿಲ್ಲ. ಹಳೆಯ ವಿದ್ಯಾರ್ಥಿನಿಯರ ಸಂಘ ಇದನ್ನು ಆಲೋಚಿಸಲಿ; ನನ್ನ ಪಾಲಿನ ಕಾಣಿಕೆಯನ್ನು ಕಳುಹಿಸಿಕೊಡುತ್ತೇನೆ.

ಹೆಣ್ಣುಮಕ್ಕಳ ಶಾಲೆಯಲ್ಲಿಯೇ ಇದನ್ನು ಕೇಳುವುದಕ್ಕೆ ಕಾರಣವುಂಟು. ನಮ್ಮ ತಲೆಮಾರಿನ ಹುಡುಗಿಯರಿಗೆ ಎಲೆ ಹಂಚಿದವರು ಬೇರೆಯವರು. ಓದು ಎಲ್ಲಿಗೆ ನಿಲ್ಲಬೇಕು, ಮದುವೆ ಯಾವ ಊರಿಗೆ, ಹೊಲಿಗೆಯೋ ಸಂಗೀತವೋ ಎಂಬುದನ್ನೆಲ್ಲ ಹಂಚಿಕೊಟ್ಟ ಮೇಲೆ, ಕೈಗೆ ಬಂದುದನ್ನು ಗೊಣಗದೆ ಆಡುವುದೇ ಗುಣವೆಂದು ನಮಗೆ ಕಲಿಸಿದರು. ಚೆನ್ನಾಗಿಯೇ ಆಡಿದೆವು. ಆದರೆ ಬೇಡದ್ದನ್ನು ತೆಗೆದಿಡುವ ಅಭ್ಯಾಸ ನಮಗಾಗಲಿಲ್ಲ. ತಪ್ಪು ನನ್ನ ಆಯ್ಕೆಯಲ್ಲಿತ್ತೇ, ಕೇವಲ ಅದೃಷ್ಟದಲ್ಲಿತ್ತೇ ಎಂದು ವಿಚಾರಿಸುವ ಪ್ರಸಂಗವೂ ಬರಲಿಲ್ಲ. ಆಯ್ಕೆಯೇ ಇಲ್ಲದವಳಿಗೆ ಆ ಪ್ರಶ್ನೆ ಹೇಗೆ ಹುಟ್ಟೀತು? ಚಾಪೆಯ ಮೇಲೆ ಕುಳಿತು 24 ಎಲೆಗಳನ್ನು ಒಂದೊಂದಾಗಿ ಬದಿಗಿಡುತ್ತಿದ್ದ ಆ ಹದಿನೈದರ ಹುಡುಗಿಯ ಮುಖವನ್ನು ಅವಳ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ರಜೆ ಮುಗಿದು ಬೆಂಗಳೂರಿಗೆ ಹಿಂದಿರುಗಿದ ಮೇಲೆ ಅವಳು ಮತ್ತೊಂದು ಸ್ಪರ್ಧೆಗೆ ಹೋದಳು. ನಾಲ್ಕು ಪಂದ್ಯಗಳಲ್ಲಿ ಎರಡು ಗೆಲವು, ಎರಡು ಸೋಲು. ಅಂದು ರಾತ್ರಿ ಫೋನಿನಲ್ಲಿ ನೋಟುಪುಸ್ತಕವನ್ನೇ ಓದಿ ಹೇಳಿದಳು. ಗೆದ್ದ ಎರಡರಲ್ಲಿ ಒಂದು ಆ ಘಟಸರ್ಪದಿಂದಲೇ ಬಂದದ್ದೆಂದು ನನಗೆ ಚುಚ್ಚಿ ಹೇಳುವುದನ್ನೂ ಮರೆಯಲಿಲ್ಲ. ಆದರೂ ಅದನ್ನು ತೆಗೆದುಬಿಡಲೇ ಎಂದು ಅವಳೇ ಕೇಳಿದಳು. ಸೋತ ಒಂದು ಪಂದ್ಯದಲ್ಲಿ ಅದು ಕಡೆಯವರೆಗೆ ಕೈಯಲ್ಲಿಯೇ ಇತ್ತಂತೆ. ಇನ್ನು ಹತ್ತು ಆಟ ಆಡಿ, ಬರೆದಿಟ್ಟು, ಆಮೇಲೆ ಹೇಳು ಎಂದೆ.