ಬಡವನ ಬಿಟ್‌ಕಾಯಿನ್ನಿಗೇ ತೂಕ ಜಾಸ್ತಿ

ಶುಲ್ಕ ಎಷ್ಟೇ ಏರಲಿ, ಜನ ಕೊಟ್ಟೇ ಕೊಡುತ್ತಾರಂತೆ. ಬಿಟ್‌ಕಾಯಿನ್ ಪರ ವಾದಿಸುವವರಲ್ಲಿ ಒಂದು ಗುಂಪು ವರ್ಷಗಳಿಂದ ಹೀಗೇ ಹೇಳಿಕೊಂಡು ಬಂದಿದೆ. ಅದೇ ಗುಂಪಿನವರು ಇನ್ನೊಂದು ವೇದಿಕೆ ಹತ್ತಿದರೆ, ಇದು ಬ್ಯಾಂಕ್ ಖಾತೆ ಇಲ್ಲದ ಬಡವರ ಹಣ ಅನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಶುಲ್ಕ ಕೊಡುವ ಆ ‘ಜನ’ ಯಾರು ಅಂತ ಕೇಳಿ ನೋಡಿ, ವಾದ ಅಲ್ಲೇ ಮುಗ್ಗರಿಸುತ್ತದೆ.

ಮೊದಲು ಶುಲ್ಕ ಯಾಕೆ ಅಂತ ನೋಡೋಣ. ಬಿಟ್‌ಕಾಯಿನ್ನಿಗೆ ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ಲೆಕ್ಕ ಬರೆಯುವವರು ಮೈನರ್‌ಗಳು. ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡು ರಾತ್ರಿಹಗಲು ಕರೆಂಟು ಸುಡುವವರು. ಸರಾಸರಿ 10 ನಿಮಿಷಕ್ಕೆ ಲೆಕ್ಕದ ಒಂದು ಪುಟ ತುಂಬುತ್ತದೆ, ಅದಕ್ಕೆ ಬ್ಲಾಕ್ ಅಂತ ಹೆಸರು. ಒಂದು ಪುಟದಲ್ಲಿ ಹಿಡಿಯುವುದು ಕೆಲವು ಸಾವಿರ ವ್ಯವಹಾರ ಮಾತ್ರ. ಸೆಕೆಂಡಿಗೆ ಲೆಕ್ಕ ಹಾಕಿದರೆ ಏಳರ ಆಸುಪಾಸು. ಇದು ಇಡೀ ಜಗತ್ತಿಗೆ! ಹಾಗಾಗಿ ದಟ್ಟಣೆಯ ದಿನ ಪುಟದ ಜಾಗ ಹರಾಜಿಗೆ ಬೀಳುತ್ತದೆ. ಹೆಚ್ಚು ಕೂಗಿದವನದು ಮೊದಲು.

ಈಗ ಯಾರೂ ನಿಮಗೆ ಬಿಡಿಸಿ ಹೇಳದ ವಿಷಯಕ್ಕೆ ಬರೋಣ. ಮಂಡಿಯಲ್ಲಿ ಕಮಿಷನ್ ಅಂದರೆ ನೂರಕ್ಕೆ ಇಷ್ಟು ಅಂತ ನಮಗೆ ಗೊತ್ತು. ಸಾವಿರದ ಮಾಲಿಗೆ ಕಡಿಮೆ, ಲಕ್ಷದ ಮಾಲಿಗೆ ಜಾಸ್ತಿ. ಬಿಟ್‌ಕಾಯಿನ್ನಿನಲ್ಲಿ ಹಾಗಲ್ಲ. ಶುಲ್ಕ ಬೀಳುವುದು ಹಣದ ಮೊತ್ತದ ಮೇಲಲ್ಲ, ನಿಮ್ಮ ವ್ಯವಹಾರ ಪುಟದಲ್ಲಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದರ ಮೇಲೆ. ನಿಮಗೆ ಬಂದ ಹಣ ಒಟ್ಟುಗೂಡಿ ಒಂದಾಗುವುದಿಲ್ಲ. ಒಂದೊಂದು ಸಲ ಬಂದದ್ದೂ ಬೇರೆ ಬೇರೆ ತುಂಡಾಗಿಯೇ ಉಳಿದಿರುತ್ತದೆ. ಖರ್ಚು ಮಾಡುವಾಗ ಪ್ರತಿ ತುಂಡಿಗೂ ಸಹಿ ಬೇಕು, ಸಹಿಗೆ ಜಾಗ ಬೇಕು.

ಒಂದು ಲೆಕ್ಕ ಹಾಕೋಣ. ಒಂದು ಬಿಟ್‌ಕಾಯಿನ್ನಿಗೆ 50 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. ಒಬ್ಬ ಹುಡುಗ ಸಣ್ಣಪುಟ್ಟ ಕೆಲಸ ಮಾಡಿ 20 ಸಲ 500 ರೂಪಾಯಿಯಷ್ಟು ಬಿಟ್‌ಕಾಯಿನ್ ಪಡೆದಿದ್ದಾನೆ, ಒಟ್ಟು 10,000. ಇನ್ನೊಬ್ಬ ಸಾಹುಕಾರನ ಹತ್ತಿರ 1 ಕೋಟಿ ಒಂದೇ ತುಂಡಾಗಿ ಇದೆ. ದಟ್ಟಣೆಯ ದಿನ ದರ ಬೈಟಿಗೆ 50 ಸತೋಶಿ ಇದ್ದರೆ (ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ), ಸಾಹುಕಾರ ಕೋಟಿ ಕಳಿಸಲು ಕೊಡುವುದು ಸುಮಾರು 350 ರೂಪಾಯಿ. ಹುಡುಗ ತನ್ನ ಹತ್ತು ಸಾವಿರ ಕಳಿಸಲು ಕೊಡಬೇಕಾದ್ದು ಸುಮಾರು 3,600 ರೂಪಾಯಿ. ದರ 150 ಸತೋಶಿಗೆ ಏರಿತೋ, ಅವನ ಒಂದೊಂದು 500 ರೂಪಾಯಿ ತುಂಡನ್ನು ಕದಲಿಸಲು 510 ರೂಪಾಯಿ ಬೇಕು. ಹಣ ಇದೆ, ಮುಟ್ಟುವ ಹಾಗಿಲ್ಲ. ಅವರ ಭಾಷೆಯಲ್ಲೇ ಇಂಥದ್ದಕ್ಕೆ ‘ಡಸ್ಟ್’ ಅನ್ನುತ್ತಾರೆ. ಧೂಳು! ಬಡವನ ದುಡಿಮೆಗೆ ಇಟ್ಟ ಹೆಸರು ನೋಡಿ.

ಹಾಗಾದರೆ ಜನ ಒಪ್ಪಿದರಾ? ನಡೆದದ್ದನ್ನೇ ನೋಡಿ. 2017ರ ಡಿಸೆಂಬರಿನಲ್ಲಿ ಸರಾಸರಿ ಶುಲ್ಕ 50 ಡಾಲರ್ ದಾಟಿತು. ಅದೇ ತಿಂಗಳು ವಿಡಿಯೋ ಗೇಮ್ ಮಾರುವ ಸ್ಟೀಮ್ ಕಂಪನಿ ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಬೆಲೆಯ ಏರಿಳಿತದ ಜೊತೆಗೆ ಅದು ಕೊಟ್ಟ ಕಾರಣ ಶುಲ್ಕ. 2018ರ ಜನವರಿಯಲ್ಲಿ ಸ್ಟ್ರೈಪ್ ಎಂಬ ಪಾವತಿ ಕಂಪನಿಯೂ ಕೈಬಿಡುವುದಾಗಿ ಹೇಳಿತು. ಅದಕ್ಕೂ ಮೊದಲು, 2017ರ ಆಗಸ್ಟಿನಲ್ಲಿ, ಪುಟ ದೊಡ್ಡದು ಮಾಡಿ ಅಂತ ಕೂಗಿದ ಗುಂಪು ಬೇರೆಯಾಗಿ ಬಿಟ್‌ಕಾಯಿನ್ ಕ್ಯಾಶ್ ಅಂತ ಪಾಲು ತೆಗೆದುಕೊಂಡು ಹೋಗಿತ್ತು. ಆಮೇಲೆ ಕೆಲವೇ ತಿಂಗಳಲ್ಲಿ ಶುಲ್ಕ ಒಂದು ಡಾಲರಿಗಿಂತ ಕೆಳಗಿಳಿಯಿತು. ನೋಡಿದಿರಾ, ಸರಿಹೋಯಿತು ಅಂದರು. ತಂತ್ರಜ್ಞಾನ ಒಂದಷ್ಟು ಸುಧಾರಿಸಿದ್ದೂ ಹೌದು. ಆದರೆ ಪ್ರಯಾಣಿಕರು ಇಳಿದು ನಡೆದುಕೊಂಡು ಹೋದ ಮೇಲೆ ಬಸ್ಸಿನಲ್ಲಿ ಸೀಟು ಸಿಗುವುದು ಯಾವ ದೊಡ್ಡ ಮಾತು?

2024ರ ಏಪ್ರಿಲ್ 20ರಂದು ಸರಾಸರಿ ಶುಲ್ಕ 100 ಡಾಲರ್ ದಾಟಿತು. ಅವತ್ತು ಕೊಟ್ಟವರು ಮನೆಗೆ ಹಣ ಕಳಿಸುವವರಲ್ಲ. ಆ ದಿನವೇ ಶುರುವಾದ ‘ರೂನ್ಸ್’ ಎಂಬ ಹೊಸ ಟೋಕನ್ನಿಗೆ ಮುಗಿಬಿದ್ದ ಸಟ್ಟಾಕೋರರು. ಇಥೀರಿಯಂನಲ್ಲೂ ಇದೇ ಕಥೆ. 2021ರಲ್ಲಿ ಅಲ್ಲಿ ಶುಲ್ಕ ಏರಿದಾಗ, ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಟೋಕನ್ ಬಳಸುತ್ತಿದ್ದವರಲ್ಲಿ ದೊಡ್ಡ ಪಾಲು ಅಗ್ಗದ ಟ್ರಾನ್ ಜಾಲಕ್ಕೆ ಗುಳೆ ಹೋಯಿತು. ಇಥೀರಿಯಂನಲ್ಲಿ ಇನ್ನೊಂದು ಚಂದ ಇದೆ: ಕಳಿಸಿದ ವ್ಯವಹಾರ ಕೆಟ್ಟು ಅರ್ಧಕ್ಕೆ ನಿಂತರೂ ಶುಲ್ಕ ವಾಪಸ್ ಬರುವುದಿಲ್ಲ.

ನಮ್ಮ ದೇಶದ ಕಥೆ ಇನ್ನೂ ಸ್ಪಷ್ಟ. 2022ರ ಜುಲೈ 1ರಿಂದ ಸರ್ಕಾರ ಕ್ರಿಪ್ಟೋ ಮಾರಾಟಕ್ಕೆ ನೂರಕ್ಕೆ 1 ಟಿಡಿಎಸ್ ಹಾಕಿತು. ಬರೀ 1! ದೇಶದ ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟು ಧಡಕ್ಕನೆ ಕುಸಿಯಿತು, ಬಹಳ ಮಂದಿ ವಿದೇಶಿ ಆ್ಯಪ್‌ಗಳಿಗೆ ಹಾರಿದರು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡ್ ಬಿದ್ದದ್ದು ನಿಮಗೆ ನೆನಪಿರಬೇಕು. ಅಲ್ಲಿ ಬಂದದ್ದು ಶುಲ್ಕವಲ್ಲ, ಜಿಎಸ್‌ಟಿ ನೋಟಿಸು. ಆದರೂ ಖರ್ಚಿನ ವಾಸನೆ ಬಡಿದ ತಕ್ಷಣ ಜನ ದಾರಿ ಬದಲಿಸುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಟೀ ಅಂಗಡಿಗೆ 15 ರೂಪಾಯಿಯನ್ನು ಪುಕ್ಕಟೆ ಕಳಿಸುವವನು 350 ಕೊಟ್ಟು ಹಣ ಕಳಿಸುತ್ತಾನೆ ಅಂತ ನಂಬುವುದು ಹೇಗೆ?

ಒಪ್ಪಿಕೊಳ್ಳುವವರು ಇಲ್ಲವೇ ಇಲ್ಲ ಅಂತಲ್ಲ. ಕೋಟಿ ಸಾಗಿಸುವವನಿಗೆ ಸಾವಿರ ರೂಪಾಯಿ ಶುಲ್ಕ ಲೆಕ್ಕಕ್ಕಿಲ್ಲ. ತನ್ನ ದೇಶದ ನೋಟು ದಿನದಿನಕ್ಕೂ ಕರಗುತ್ತಿರುವ ಕಡೆ ಬೇರೆ ದಾರಿ ಕಾಣದವನೂ ಹಲ್ಲು ಕಚ್ಚಿ ಕೊಡುತ್ತಾನೆ. ಅದನ್ನು ಒಪ್ಪಿಗೆ ಅನ್ನುವುದಾದರೆ ಮೀಟರ್ ಬಡ್ಡಿಗೂ ಒಪ್ಪಿಗೆ ಇದೆ ಅನ್ನಬೇಕಾಗುತ್ತದೆ.

ಲೈಟ್ನಿಂಗ್ ಇದೆಯಲ್ಲ ಅನ್ನುತ್ತಾರೆ. ಮುಖ್ಯ ಲೆಕ್ಕದ ಹೊರಗೆ ಸಣ್ಣ ಪಾವತಿ ಮಾಡಿಕೊಳ್ಳುವ ವ್ಯವಸ್ಥೆ ಅದು. ಅದರ ಬಾಗಿಲು ತೆರೆಯಲು, ಮುಚ್ಚಲು ಮತ್ತೆ ಮುಖ್ಯ ಪುಟದಲ್ಲೇ ಜಾಗ ಬೇಕು, ಶುಲ್ಕ ಬೇಕು. ಅದು ಬೇಡ ಅಂದರೆ ಯಾವುದೋ ಕಂಪನಿಯ ಕೈಗೆ ಹಣ ಕೊಟ್ಟು ಅವರ ವಾಲೆಟ್ ಬಳಸಬೇಕು. ಹಾಗಾದ ಮೇಲೆ ಅದೂ ಬ್ಯಾಂಕೇ ತಾನೆ, ಅದೂ ಠೇವಣಿ ವಿಮೆ ಇಲ್ಲದ ಬ್ಯಾಂಕು. ಎಲ್ ಸಾಲ್ವಡಾರ್ ದೇಶ 2021ರಲ್ಲಿ ಸರ್ಕಾರದ್ದೇ ವಾಲೆಟ್ ಮಾಡಿ, ಹಾಕಿಕೊಂಡವರಿಗೆ 30 ಡಾಲರ್ ಉಚಿತವಾಗಿ ಕೊಟ್ಟಿತು. ಬಹುತೇಕರು ಆ 30 ಡಾಲರ್ ಖರ್ಚು ಮಾಡಿ ವಾಲೆಟ್ ಬಿಟ್ಟರು.

ದರ ಕಡಿಮೆ ಇದ್ದ ದಿನ ಇವರು ಅದನ್ನೇ ತೋರಿಸಿ ಬೀಗುತ್ತಾರೆ. ಆದರೆ ದರ ಕಡಿಮೆಯಾಗಿಯೇ ಉಳಿಯುವ ಹಾಗಿಲ್ಲ. ಮೈನರ್‌ಗೆ ಪ್ರತಿ ಪುಟಕ್ಕೂ ಹೊಸ ಬಿಟ್‌ಕಾಯಿನ್ ಇನಾಮು ಸಿಗುತ್ತದೆ. 2009ರಲ್ಲಿ ಅದು 50 ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರಲ್ಲಿ 3.125ಕ್ಕೆ ಬಂತು. 2028ರಲ್ಲಿ ಮತ್ತೆ ಅರ್ಧ. ಬಿಟ್‌ಕಾಯಿನ್ ಬೆಲೆ ಪ್ರತಿ ಸಲ ದುಪ್ಪಟ್ಟಾಗದಿದ್ದರೆ ಕರೆಂಟು ಬಿಲ್ಲನ್ನು ಶುಲ್ಕದಿಂದಲೇ ತುಂಬಬೇಕು. ತುಂಬದಿದ್ದರೆ ಮೈನರ್‌ಗಳು ಅಂಗಡಿ ಮುಚ್ಚುತ್ತಾರೆ, ಕಾವಲು ಸಡಿಲವಾಗುತ್ತದೆ. ಅಂದರೆ ಜನ ಹೆಚ್ಚು ಶುಲ್ಕ ಕೊಡುತ್ತಾರೆ ಅನ್ನುವುದು ಇವರು ಕಂಡ ಸತ್ಯವಲ್ಲ. ಕೊಡದಿದ್ದರೆ ಇವರ ಲೆಕ್ಕವೇ ಕೂಡುವುದಿಲ್ಲ, ಅದಕ್ಕೇ ಹೇಳುತ್ತಾರೆ.

ನಿಮ್ಮೂರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ 500 ರೂಪಾಯಿಯಿಂದ ಶುರು ಮಾಡಿ ಅಂತ ಯಾರಾದರೂ ಕರೆದರೆ, ಆ 500ನ್ನು ಆ್ಯಪ್‌ನಿಂದ ಹೊರಗೆ ತೆಗೆದು ನನ್ನದೇ ವಾಲೆಟ್‌ಗೆ ಹಾಕಿಕೊಳ್ಳಲು ಶುಲ್ಕ ಎಷ್ಟು, ಅಲ್ಲಿಂದ ಇನ್ನೊಬ್ಬರಿಗೆ ಕಳಿಸಲು ಎಷ್ಟು ಅಂತ ಕೇಳಿ. ಆ ಹೊತ್ತಿನ ದರ ಇಂಟರ್ನೆಟ್ಟಿನಲ್ಲಿ ಯಾರಿಗಾದರೂ ಕಾಣುತ್ತದೆ. ಬಾಯಿಮಾತು ಬೇಡ, ನಿಮ್ಮ ಮುಂದೆಯೇ ಫೋನ್ ತೆಗೆದು ತೋರಿಸಲಿ.