ಕಿವಿಯೋಲೆಯ ಗೆರೆಗಳು ಕಾರ್ಡಿನ ಮೇಲೂ ಬರಲಿ

ಅಕ್ಕ-ತಂಗಿಯರೇ,

ನಿಮ್ಮ ಹಸುವಿನ ಕಿವಿಯಲ್ಲಿರುವ ಹಳದಿ ಓಲೆಯನ್ನು ಒಮ್ಮೆ ಒರೆಸಿ ನೋಡಿ. ಅದರಲ್ಲಿ 12 ಅಂಕಿಗಳಿವೆ, ಜೊತೆಗೆ ಸಣ್ಣ-ದಪ್ಪ ಕಪ್ಪು ಗೆರೆಗಳ ಸಾಲೂ ಇದೆ. ಅದೇ ಬಾರ್‌ಕೋಡ್. ಅಂಕಿ ನಮಗೆ, ಗೆರೆ ಯಂತ್ರಕ್ಕೆ. ಎರಡರಲ್ಲೂ ಇರುವುದು ಒಂದೇ ಸಂಖ್ಯೆ.

ಆದರೆ ಕೊಟ್ಟಿಗೆಯಲ್ಲಿ ಆ ಗೆರೆಗಳನ್ನು ನಾವು ಸ್ಕ್ಯಾನ್ ಮಾಡುವುದು ಕಡಿಮೆ. ಓಲೆಗೆ ಸಗಣಿ ಮೆತ್ತಿರುತ್ತದೆ, ಹಸು ತಲೆ ಕೊಡವುತ್ತದೆ, ಬೆಳಕು ಸಾಲದು. ಕಡೆಗೆ ನೀವು ಅಂಕಿ ಓದಿ ಹೇಳುತ್ತೀರಿ, ನಾನು ಬರೆದುಕೊಳ್ಳುತ್ತೇನೆ. ಒಮ್ಮೆ ವಿಮೆಯ ಆರೋಗ್ಯ ಪ್ರಮಾಣಪತ್ರದಲ್ಲಿ 46 ಇರಬೇಕಾದ ಕಡೆ ನಾನೇ 64 ಎಂದು ಬರೆದುಬಿಟ್ಟೆ. ಏಳು ತಿಂಗಳ ನಂತರ ಹಸು ಸತ್ತಿತು. ಓಲೆಯ ಸಂಖ್ಯೆಗೂ ಪತ್ರದ ಸಂಖ್ಯೆಗೂ ತಾಳೆಯಾಗಲಿಲ್ಲ. ಅದು ನನ್ನ ತಪ್ಪೇ ಎಂದು ಬರೆದುಕೊಟ್ಟರೂ ಆ ಅಕ್ಕ ಹಣಕ್ಕಾಗಿ ನಾಲ್ಕು ತಿಂಗಳು ಅಲೆದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಂಗಡಿಯ ತುಪ್ಪದ ಡಬ್ಬಿಗೆ ಇಂಥ ಪಾಡಿಲ್ಲ. ಅದರ ಮೇಲಿನ 13 ಅಂಕಿಗಳಲ್ಲಿ ಕೊನೆಯದು ಮೊದಲ 12ನ್ನು ಲೆಕ್ಕ ಹಾಕಿ ಬಂದದ್ದು. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ತುಪ್ಪಕ್ಕೆ ಇರುವ ಕಾವಲು ತುಪ್ಪ ಕೊಟ್ಟ ಹಸುವಿಗೂ ಬೇಡವೇ?

ನನ್ನ ಅಭಿಪ್ರಾಯ ಇಷ್ಟು: ಪ್ರತಿ ರಾಸಿನ ಆರೋಗ್ಯ ಕಾರ್ಡಿನ ಮೇಲೆ ಅದರ ಬಾರ್‌ಕೋಡನ್ನು ಒಕ್ಕೂಟದ ಸಾಫ್ಟ್‌ವೇರ್ ತಾನೇ ಮುದ್ರಿಸಿ ಕೊಡಬೇಕು. ಕಾರ್ಡು ಮನೆಯೊಳಗೆ ಶುಚಿಯಾಗಿರುತ್ತದೆ, ತಲೆ ಕೊಡವುವುದಿಲ್ಲ. ಇದೇನು ದುಬಾರಿ ಕೆಲಸವಲ್ಲ. ಬಾರ್‌ಕೋಡ್ ಬರೆಯುವ ಪ್ರೋಗ್ರಾಂ ತುಣುಕುಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ‘ಕೋಡ್ 128’ ಎಂಬ ಬಗೆ ಅಂಕಿಗಳನ್ನು ಎರಡೆರಡಾಗಿ ಜೋಡಿಸುತ್ತದೆ. ನಮ್ಮ 12 ಅಂಕಿಗೆ 6 ಚಿಹ್ನೆ ಸಾಕು, ಕೊನೆಗೆ ತಾಳೆ ನೋಡುವ ಚಿಹ್ನೆಯೊಂದು. ಗೆರೆಯ ಫಾಂಟ್ ಹಾಕಿ ಸಂಖ್ಯೆ ಟೈಪ್ ಮಾಡಿದರಾಯಿತು ಎಂದು ಕೆಲವರು ತಿಳಿಯುತ್ತಾರೆ. ಆಗ ಆ ತಾಳೆ ಚಿಹ್ನೆಯೇ ಬರುವುದಿಲ್ಲ, ಸ್ಕ್ಯಾನೂ ಆಗುವುದಿಲ್ಲ.

ನನ್ನನ್ನು ಕೇಳಿದರೆ ಕ್ಯೂಆರ್ ಕೋಡ್ ಇನ್ನೂ ಮೇಲು. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ್ದು. ಈಗ ಹೂ ಮಾರುವವರ ಬುಟ್ಟಿಯಲ್ಲೂ ಇದೆ. ಅದರಲ್ಲಿ ತಿದ್ದಿಕೊಳ್ಳುವ ಮಟ್ಟ ನಾಲ್ಕಿವೆ. ಎಲ್ಲಕ್ಕಿಂತ ಮೇಲಿನದನ್ನು ಆರಿಸಿದರೆ ಸುಮಾರು 30 ಪಾಲು ಅಳಿಸಿದರೂ ಓದಬಹುದು. ಕಾರ್ಡಿನ ಮೇಲೆ ಕೆಚ್ಚಲಿನ ಮುಲಾಮು ಮೆತ್ತಿಕೊಂಡರೂ ಚಿಂತೆಯಿಲ್ಲ. ಆದರೆ ಅದರೊಳಗೆ ರಾಸಿನ ಸಂಖ್ಯೆ ಮಾತ್ರ ಇರಲಿ. ನಿಮ್ಮ ಹೆಸರು, ಫೋನ್ ನಂಬರ್ ಹಾಕಿದರೆ ದಾರಿಹೋಕರೂ ಓದಿಬಿಡುತ್ತಾರೆ.

‘ಗೌರಿ ಕಾರ್ಡು ಲಕ್ಷ್ಮಿಯ ಕೊರಳಿಗೆ ಬಿದ್ದರೆ?’ ಎಂದು ಕಾರ್ಯದರ್ಶಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕಾರ್ಡ್ ಸ್ಕ್ಯಾನ್ ಮಾಡಿದ ಮೇಲೆ ಓಲೆಯ ಕೊನೆಯ ನಾಲ್ಕು ಅಂಕಿಯನ್ನು ನೀವು ಜೋರಾಗಿ ಓದಬೇಕು, ನಾನು ಪರದೆ ನೋಡಿ ಹೂಂ ಅನ್ನಬೇಕು. ನಾಲ್ಕು ಅಂಕಿ ಸಾಕು, ಹನ್ನೆರಡು ಬೇಡ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ. ನಾನೊಬ್ಬ ವೈದ್ಯ ಹೇಳುವುದಕ್ಕಿಂತ ನೀವು ಮೂವತ್ತು ಜನ ಕೇಳಿದರೆ ಬೇಗ ಆಗುತ್ತದೆ. ಹಾಗೆಯೇ, ರಾಸಿನ ದಾಖಲೆಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂದೂ ನೋಡಿಸಿ. ಹಾಲು ಕರೆಯುವವರು ನೀವು, ನಂಬರ್ ಮಾತ್ರ ಊರಲ್ಲೇ ಇಲ್ಲದ ಮಗನದ್ದು ಎಂಬುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಓಲೆ ಬಿದ್ದುಹೋದರೆ ಅಂದೇ ತಿಳಿಸಿ. ಹೊಸ ಓಲೆಗೆ ಹೊಸ ಸಂಖ್ಯೆ ಬರುತ್ತದೆ. ಅದನ್ನು ಹಳೆಯ ದಾಖಲೆಗೆ ಜೋಡಿಸಬೇಕು, ವಿಮೆ ಕಂಪನಿಗೂ ಬರೆದು ತಿಳಿಸಬೇಕು. ಅರ್ಜಿ ಬರೆಯಲು ನಾನು ಕೂರುತ್ತೇನೆ.