ಚರಂಡಿಯ ಕೊನೆ ಎಲ್ಲಿದೆ?



ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಎಂಜಿನಿಯರಾಗಿದ್ದು ನಿವೃತ್ತನಾದವನು ನಾನು. ರಸ್ತೆ, ಚರಂಡಿ, ಕುಡಿಯುವ ನೀರಿನ ಟ್ಯಾಂಕು ಕಟ್ಟಿಸುವುದೇ ನನ್ನ ಕಾಯಕವಾಗಿತ್ತು. ನಮ್ಮ ಸಣ್ಣ ಊರುಗಳಲ್ಲಿ ಸಾರ್ವಜನಿಕ ತೀರ್ಮಾನಗಳು ಹೇಗಾಗುತ್ತವೆ ಎಂದು ಬರೆಯಲು ಕುಳಿತಾಗ, ಬೇರೆಯವರ ತಪ್ಪಿಗಿಂತ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ ಅನ್ನಿಸಿತು.

ತೊಂಬತ್ತರ ದಶಕದ ಕೊನೆಯ ಮಾತು. ಉತ್ತರ ಕರ್ನಾಟಕದ ಒಂದು ಪಟ್ಟಣ ಪಂಚಾಯ್ತಿ. ಪೇಟೆ ಬೀದಿಗೆ ಚರಂಡಿ ಮಾಡಬೇಕೆಂದು ಠರಾವಾಗಿತ್ತು. ನಾನು ಬೇಸಿಗೆಯಲ್ಲಿ ಲೆವೆಲ್ ತೆಗೆದು, ಇಳಿಜಾರು ಲೆಕ್ಕ ಹಾಕಿ ಎಸ್ಟಿಮೇಟ್ ತಯಾರಿಸಿದೆ. ಹಣ ಇದ್ದದ್ದು ಪೇಟೆ ಬೀದಿಯ ಉದ್ದಕ್ಕೆ ಮಾತ್ರ. ಬೀದಿ ಮುಗಿದಲ್ಲಿ ಚರಂಡಿಯೂ ಮುಗಿಯಿತು. ಅದರಾಚೆ ತಗ್ಗಿನಲ್ಲಿ ಇದ್ದದ್ದು ದಲಿತರ ಕೇರಿ. ಮುಂದಿನ ವರ್ಷದ ಅನುದಾನ ಬಂದಾಗ ಹಳ್ಳದವರೆಗೆ ಒಯ್ದರಾಯಿತು ಎಂದರು. ನಾನೂ ಸಹಿ ಹಾಕಿದೆ. ಅಳತೆ ಮಾಡುವಾಗ ಕೇರಿಯ ವಯಸ್ಸಾದ ತಾಯಿಯೊಬ್ಬಳು ಬಂದು, "ಸಾಹೇಬ್ರ, ಮಳಿಗಾಲದಾಗ ಈ ನೀರೆಲ್ಲಾ ಎಲ್ಲಿಗೆ ಹೋಗ್ತೈತ್ರಿ?" ಎಂದು ಕೇಳಿದ್ದಳು. ಗಡಿಬಿಡಿಯಲ್ಲಿ ನಾನು ಉತ್ತರಿಸಲಿಲ್ಲ. ಆ ವರ್ಷದ ಮೊದಲ ದೊಡ್ಡ ಮಳೆಗೆ ಪೇಟೆಯ ಕೊಚ್ಚೆಯೆಲ್ಲ ಕೇರಿಯ ಮನೆಗಳಿಗೆ ನುಗ್ಗಿತು. ಕೂಡಿಟ್ಟ ಜೋಳ ನೆನೆದು ಹಾಳಾಯಿತು.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇಳಿಜಾರು ಸರಿಯಿತ್ತು, ಕಾಂಕ್ರೀಟು ಗಟ್ಟಿಯಿತ್ತು, ಅಳತೆ ಪುಸ್ತಕದಲ್ಲಿ ಒಂದು ಇಂಚೂ ಹೆಚ್ಚು ಬರೆದಿರಲಿಲ್ಲ. ತಪ್ಪಿದ್ದದ್ದು ತೀರ್ಮಾನದಲ್ಲಿ. ಚರಂಡಿ ಎಲ್ಲಿಂದ ಶುರುವಾಗಬೇಕೆಂದು ಹತ್ತು ಜನ ವಾದಿಸಿದ್ದರು. ಎಲ್ಲಿ ಕೊನೆಯಾಗುತ್ತದೆಂದು ಕೇಳಿದವಳು ಒಬ್ಬಳೇ, ಮತ್ತು ಅವಳಿಗೆ ಸಭೆಯಲ್ಲಿ ಜಾಗವಿರಲಿಲ್ಲ.

ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1987ರಲ್ಲಿ ಮಂಡಲ ಪಂಚಾಯ್ತಿಗಳು ಬಂದಾಗ ನಾನು ಕಿರಿಯ ಎಂಜಿನಿಯರ್. ಅಧಿಕಾರ ಊರಿನ ಬಾಗಿಲಿಗೆ ಬಂತೆಂಬ ಉತ್ಸಾಹವನ್ನು ಕಣ್ಣಾರೆ ಕಂಡಿದ್ದೇನೆ. ನಂತರ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಮೊದಲನೆಯದು ಹಳ್ಳಿಗೆ, ಎರಡನೆಯದು ಪಟ್ಟಣಕ್ಕೆ. ಇವೆರಡರ ನಡುವಿನ ಒಂದು ವ್ಯತ್ಯಾಸವನ್ನು ನಮ್ಮ ಜನ ಅಷ್ಟಾಗಿ ಗಮನಿಸಿಲ್ಲ.

ಹಳ್ಳಿಯಲ್ಲಿ ಗ್ರಾಮ ಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನಮ್ಮ ರಾಜ್ಯದ ಕಾನೂನಿನಂತೆ ಅದು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು, ಅದಕ್ಕೂ ಕೆಳಗೆ ವಾರ್ಡ್ ಸಭೆ ಇದೆ. ಯಾವ ಕಾಮಗಾರಿ ಮೊದಲು, ಯಾರಿಗೆ ಮನೆ ಎಂಬುದು ಅಲ್ಲಿ ಚರ್ಚೆಯಾಗಬೇಕು. ಬಹಳ ಕಡೆ ಅದು ಕಾಗದದ ಮೇಲೇ ನಡೆಯುತ್ತದೆ, ನಿಜ. ಆದರೂ ಎದ್ದು ನಿಂತು ಕೇಳುವ ಹಕ್ಕು ಕಾನೂನಿನಲ್ಲಿದೆ.

ಅದೇ ಹಳ್ಳಿ ಬೆಳೆದು ಜನಸಂಖ್ಯೆ 10 ಸಾವಿರ ದಾಟಿ, ಪಟ್ಟಣ ಪಂಚಾಯ್ತಿಯಾಗಿ ಮೇಲ್ದರ್ಜೆಗೇರಿದಾಗ ಪಟಾಕಿ ಹೊಡೆಯುತ್ತೇವೆ. ಆದರೆ ಅಂದಿನಿಂದ ಊರು 1964ರ ಪುರಸಭೆಗಳ ಕಾಯ್ದೆಯ ಅಡಿ ಬರುತ್ತದೆ. ಗ್ರಾಮ ಸಭೆ ಹೋಗುತ್ತದೆ. ಅದರ ಬದಲಿಗೆ ಏನು? ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 15 ಸಾವಿರ ಜನರ ಊರಿಗೆ ಆ ಕಡ್ಡಾಯವಿಲ್ಲ. ಹಳ್ಳಿಯವನಿಗೆ ಸಭೆಯಿದೆ, ಮಹಾನಗರದವನಿಗೆ ಸಮಿತಿಯಿದೆ, ನಡುವಿನ ಸಣ್ಣ ಊರಿನವನಿಗೆ ಐದು ವರ್ಷಕ್ಕೊಮ್ಮೆ ಮತ ಮಾತ್ರ. ಊರು ಮೇಲಿನ ದರ್ಜೆಗೆ ಏರಿತು, ಊರಿನವರು ಕೆಳಗಿಳಿದರು.

ಈ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಸಭೆಯ ಹಿಂದಿನ ರಾತ್ರಿ ಯಾರದೋ ಅಂಗಡಿಯಲ್ಲಿ, ಯಾರದೋ ಪಡಸಾಲೆಯಲ್ಲಿ ತೀರ್ಮಾನ ಆಗಿರುತ್ತದೆ. ಮರುದಿನ ಅಜೆಂಡಾದ ವಿಷಯಗಳನ್ನು ಒಂದೊಂದಾಗಿ ಓದಿ 'ಸರ್ವಾನುಮತದಿಂದ' ಎಂದು ಬರೆಯುವುದಷ್ಟೇ ಬಾಕಿ. ಅಂಥ ಹಲವು ಸಭೆಗಳಲ್ಲಿ ನಾನು ಕುಳಿತಿದ್ದೇನೆ. ಇಲ್ಲಿ ನಮ್ಮವರ ಪಾಲಿನ ಬಗ್ಗೆ ಮೌನವಾಗಿರುವುದು ಆತ್ಮವಂಚನೆ. ನಾನು ಹೇಳಿದ ಊರಿನ ಪೇಟೆ ಬೀದಿಯಲ್ಲಿ ಹೆಚ್ಚಿನವರು ಲಿಂಗವಂತರೇ. ಆ ಪಡಸಾಲೆಯಲ್ಲಿ ಬಸವಣ್ಣನವರ ಭಾವಚಿತ್ರವೂ ಇತ್ತು, ಅದಕ್ಕೆ ಹೂವಿನ ಹಾರವೂ ಇತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪವನ್ನು ನಾವು ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಅದು ಚರಂಡಿಗೆ ಠರಾವು ಮಾಡುವ ಸಭೆಯಾಗಿರಲಿಲ್ಲ, ಸರಿ. ಆದರೆ ಅಲ್ಲಿ ಯಾರು ಕುಳಿತಿದ್ದರು ಎಂಬುದನ್ನು ನೆನೆಯೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಅಕ್ಕಿ ಆಯ್ದು ಬದುಕಿದ ಮಾರಯ್ಯ-ಲಕ್ಕಮ್ಮ ದಂಪತಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಇವರ ಮಾತು ಬೇಕಿತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹೇಳಿದ ಲಕ್ಕಮ್ಮನನ್ನು ಹೊಗಳುತ್ತೇವೆ. ಕೇಳಿಸಿಕೊಂಡು ಹಿಂದಿರುಗಿ ಹೋದ ಮಾರಯ್ಯನನ್ನು ಮರೆಯುತ್ತೇವೆ. ಕೇಳಿಸಿಕೊಳ್ಳುವುದೂ ಆಚಾರವೇ.

ಜನರನ್ನು ಸೇರಿಸಿದರೆ ಗಲಾಟೆಯಾಗುತ್ತದೆ, ಕೆಲಸ ನಿಲ್ಲುತ್ತದೆ ಎನ್ನುವವರಿದ್ದಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಸಭೆಯಲ್ಲಿ ಎರಡು ಗಂಟೆ ಜಗಳವಾಡಿದರೆ ಆಗುವ ನಷ್ಟ ಎರಡು ಗಂಟೆ. ಜಗಳವಿಲ್ಲದೆ ಕಟ್ಟಿದ ಚರಂಡಿಯನ್ನು ಒಡೆದು ಮತ್ತೆ ಕಟ್ಟುವ ನಷ್ಟವನ್ನು ನಾನು ರೂಪಾಯಿಯಲ್ಲಿ ಲೆಕ್ಕ ಹಾಕಿದ್ದೇನೆ. ಆಯ್ಕೆಯಾದ ಸದಸ್ಯರಿರುವಾಗ ಮತ್ತೊಂದು ಸಭೆ ಏಕೆ ಎಂಬುದು ಇನ್ನೊಂದು ಪ್ರಶ್ನೆ. ತೀರ್ಮಾನ ಸದಸ್ಯರೇ ಮಾಡಲಿ; ಕೇಳಿದ ಮೇಲೆ ಮಾಡಲಿ. ಆಯ್ಕೆಯಾದವರೇ ಇಲ್ಲದ ಕಾಲವೂ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಅಂಥ ಹೊತ್ತಿನಲ್ಲಿ ಜನಸಭೆಯೂ ಇಲ್ಲದಿದ್ದರೆ ಉಳಿಯುವುದು ಆಡಳಿತಾಧಿಕಾರಿಯ ಸಹಿ ಮಾತ್ರ.

ಮಾಡಬಹುದಾದ ಕೆಲಸಗಳಿವೆ. ಪ್ರತಿ ವರ್ಷ ಪಟ್ಟಣ ಪಂಚಾಯ್ತಿಗಳು ಆಯವ್ಯಯ ಪೂರ್ವಭಾವಿ ಸಭೆ ಕರೆಯುತ್ತವೆ. ಹಲವೆಡೆ ಅದಕ್ಕೆ ಬರುವವರು ಬೆರಳೆಣಿಕೆಯಷ್ಟು. ಅಲ್ಲಿಗೆ ಹೋಗೋಣ, ಕೇರಿಯವರನ್ನು ಜೊತೆಗೆ ಕರೆದುಕೊಂಡು ಹೋಗೋಣ. ಸಭೆಯ ನಡಾವಳಿಯನ್ನು ಸೂಚನಾ ಫಲಕದಲ್ಲಿ ಹಾಕಿ ಎಂದು ಕೇಳೋಣ. ಹಾಕದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಾಮಗಾರಿ ನಡೆಯುವ ಸ್ಥಳದಲ್ಲಿ ಅಂದಾಜು ಮೊತ್ತ, ಉದ್ದ, ಅಗಲ, ಮುಗಿಯುವ ದಿನ ಬರೆದ ಫಲಕ ಇರಲಿ. ನನ್ನಂಥ ನಿವೃತ್ತರು ಎಸ್ಟಿಮೇಟನ್ನು ಸರಳ ಕನ್ನಡದಲ್ಲಿ ಓದಿ ಹೇಳಬಹುದು. ನಮ್ಮ ಅರಿವಿನ ದಾಸೋಹ ಅದು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಣ ಪಂಚಾಯ್ತಿಗಳಲ್ಲೂ ವಾರ್ಡ್ ಸಭೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿ ಎಂದು ಸರ್ಕಾರವನ್ನು ಒತ್ತಾಯಿಸಬೇಕು.

ಮಠಗಳ ಪಾತ್ರದ ಬಗ್ಗೆ ಪೂಜ್ಯರ ಕ್ಷಮೆ ಕೋರಿ ಒಂದು ಮಾತು. ಮಠ ಜನರನ್ನು ಸೇರಿಸಬಹುದು, ತೀರ್ಮಾನ ಮಾಡಬಾರದು. ಸಭೆ ಪ್ರತಿ ಸಲ ಮಠದ ಸಭಾಂಗಣದಲ್ಲೇ ಆಗುವುದೂ ಬೇಡ. ಅಲ್ಲಿಗೆ ಬರಲು ಹಿಂಜರಿಯುವವರು ಊರಲ್ಲಿದ್ದಾರೆ, ಆ ಹಿಂಜರಿಕೆಗೆ ಕಾರಣ ನಮಗೆ ಗೊತ್ತು. ಒಮ್ಮೆ ಶಾಲೆಯ ಅಂಗಳದಲ್ಲಿ, ಒಮ್ಮೆ ಕೇರಿಯ ಕಟ್ಟೆಯ ಮೇಲೆ ಸೇರಲಿ. ನಾವೇ ಅಲ್ಲಿಗೆ ನಡೆದು ಹೋಗೋಣ.

ಆ ಚರಂಡಿ ಹಳ್ಳ ಮುಟ್ಟಲು ಇನ್ನೂ ಮೂರು ಮಳೆಗಾಲ ಬೇಕಾಯಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಆ ತಾಯಿಯ ಹೆಸರನ್ನು ನಾನು ಕೇಳಿರಲಿಲ್ಲ. ಪ್ರಶ್ನೆ ಮಾತ್ರ ಉಳಿದಿದೆ. ಮುಂದಿನ ಸಭೆಯಲ್ಲಿ ಅದನ್ನು ನಮ್ಮಲ್ಲಿ ಯಾರಾದರೊಬ್ಬರು ಎದ್ದು ನಿಂತು ಕೇಳಲಿ.